ಮಕ್ಕಳ ಸ್ಪಿಟ್ಜ್ ಗಡ್ಡೆ: ಫ್ಯೂಷನ್ ರಿಪೋರ್ಟನ್ನು ನಾನು ಓದುವ ಬಗೆ

ಮಗುವಿನ ಕೆನ್ನೆಯಲ್ಲೋ ತೊಡೆಯಲ್ಲೋ ಕೆಲವೇ ತಿಂಗಳಲ್ಲಿ ಎದ್ದ ಗುಲಾಬಿ ಬಣ್ಣದ ಗಟ್ಟಿ ಗಂಟು. ನೋಡಿದವರು ರಕ್ತನಾಳದ ಗಂಟೆಂದುಕೊಳ್ಳುತ್ತಾರೆ, ಸ್ಲೈಡ್‌ನಲ್ಲಿ ಮಾತ್ರ ದೊಡ್ಡ ದೊಡ್ಡ ಮೆಲನೋಸೈಟ್‌ಗಳು, ಅಂದರೆ ಚರ್ಮದ ಬಣ್ಣ ತಯಾರಿಸುವ ಕೋಶಗಳು. ಇದೇ ಸ್ಪಿಟ್ಜ್ ಗಡ್ಡೆ. ಪೆಥಾಲಜಿಸ್ಟ್ ಸೋಫಿ ಸ್ಪಿಟ್ಜ್ 1948ರಲ್ಲಿ ಇಂಥವನ್ನು ಬಾಲ್ಯದ ಮೆಲನೋಮ (ಆ ಕೋಶಗಳ ಕ್ಯಾನ್ಸರ್) ಎಂದೇ ವರ್ಣಿಸಿದ್ದರು. ಬಹುಪಾಲು ನಿರುಪದ್ರವಿ ಎಂಬುದು ಆಮೇಲೆ ತಿಳಿಯಿತು. ಎಎಲ್‌ಕೆ, ರಾಸ್1, ಎನ್‌ಟಿಆರ್‌ಕೆ1, ಎನ್‌ಟಿಆರ್‌ಕೆ3, ರೆಟ್, ಮೆಟ್, ಬಿರಾಫ್, ಮ್ಯಾಪ್3ಕೆ8: ಇವುಗಳಲ್ಲಿ ಯಾವುದಾದರೂ ಒಂದು ಜೀನ್ ಬೇರೊಂದು ಜೀನ್‌ನ ತುಂಡಿಗೆ ಅಂಟಿಕೊಂಡರೆ (ಇದೇ ಫ್ಯೂಷನ್) ಅದರ ಕೈನೇಸ್, ಅಂದರೆ ಕೋಶಕ್ಕೆ ಬೆಳೆಯಲು ಸಂಕೇತ ಕೊಡುವ ಪ್ರೋಟೀನ್, ಆರದೆ ಉರಿಯುತ್ತಲೇ ಇರುತ್ತದೆ. ಆದರೆ ಅದೇ ಫ್ಯೂಷನ್ ಸಾಮಾನ್ಯ ಸ್ಪಿಟ್ಜ್ ಮಚ್ಚೆಯಲ್ಲೂ ಸಿಗುತ್ತದೆ, ಮೆಲನೋಮದಲ್ಲೂ ಸಿಗುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ಫ್ಯೂಷನ್ ಹೆಸರು ಕಂಡೊಡನೆ ಕ್ಯಾನ್ಸರ್ ಎನ್ನಬೇಡಿ.

ಗಂಟನ್ನು ಮೇಲಿಂದ ಹೆರೆದು ಕಳಿಸಿದರೆ ಸ್ಲೈಡ್ ಓದುವ ಪೆಥಾಲಜಿಸ್ಟ್ ಆದ ನನಗೆ ಕೈಕಟ್ಟಿದಂತೆ. ತಳ ಕಾಣದಿದ್ದರೆ ಕೋಶಗಳು ಕೆಳಗಿಳಿದಂತೆ ಚಿಕ್ಕದಾಗುತ್ತಿವೆಯೇ, ತಳದಲ್ಲಿ ವಿಭಜನೆ ನಡೆದಿದೆಯೇ ಎಂದು ಹೇಳಲಾಗದು. ಪೂರ್ತಿ ಕತ್ತರಿಸಿ 10% ಬಫರ್ ಫಾರ್ಮಲಿನ್‌ನಲ್ಲಿ ಕಳಿಸಿ. ವಾರಗಟ್ಟಲೆ ಅದರಲ್ಲೇ ಬಿಟ್ಟರೆ ಆರ್‌ಎನ್‌ಎ (ಜೀನ್‌ನ ಕೆಲಸದ ಪ್ರತಿ) ಚೂರಾಗಿ, ಮುಂದಿನ ಪರೀಕ್ಷೆ ಕೈಕೊಡುತ್ತದೆ.

ಆಕಾರವೇ ಅರ್ಧ ಉತ್ತರ ಕೊಡುತ್ತದೆ. ಉದ್ದನೆಯ ಕೋಶಗಳ ಕಟ್ಟುಗಳು ಒಂದರೊಳಗೊಂದು ಹೆಣೆದುಕೊಂಡು, ಬಣ್ಣವಿಲ್ಲದೆ, ಉಬ್ಬಿ ನಿಂತಿದ್ದರೆ ಮೊದಲು ಎಎಲ್‌ಕೆ ಸ್ಟೇನ್ (ಆ ಪ್ರೋಟೀನ್ ಇದ್ದೆಡೆ ಬಣ್ಣ ಹಿಡಿಸುವ ಪರೀಕ್ಷೆ) ಹಾಕುತ್ತೇನೆ. ಮೇಲ್ಚರ್ಮದ ಬೇರುಗಳು ಎಳೆ ಎಳೆಯಾಗಿ ಜಾಲರಿಯಂತೆ ಇಳಿದಿದ್ದರೆ ಎನ್‌ಟಿಆರ್‌ಕೆ1. ಹುಣ್ಣಾಗಿ, ಹಲವು ನ್ಯೂಕ್ಲಿಯಸ್‌ಗಳ ದೈತ್ಯ ಕೋಶಗಳಿದ್ದು, ಬೆಳವಣಿಗೆ ತಡೆಯುವ ಪಿ16 ಪ್ರೋಟೀನ್ ಅಳಿಸಿಹೋಗಿದ್ದರೆ ಮ್ಯಾಪ್3ಕೆ8 ಮೇಲೆ ಸಂಶಯ. ಇವು ಬರೀ ಸುಳಿವು, ತೀರ್ಪಲ್ಲ.

ಸ್ಟೇನ್‌ಗಳಲ್ಲೂ ಎಡವುವ ಜಾಗಗಳಿವೆ. ಎನ್‌ಟಿಆರ್‌ಕೆ ಜೀನ್‌ಗಳ ಪ್ರೋಟೀನ್‌ಗಳನ್ನು ಒಟ್ಟಾಗಿ ಹಿಡಿಯುವ ಪ್ಯಾನ್-ಟಿಆರ್‌ಕೆ ಸ್ಟೇನ್‌ನಲ್ಲಿ ನರ, ನಯ ಸ್ನಾಯು ತಾವಾಗಿಯೇ ಬಣ್ಣ ಹಿಡಿಯುತ್ತವೆ. ಎನ್‌ಟಿಆರ್‌ಕೆ3 ಫ್ಯೂಷನ್ ಇದ್ದೂ ಬಣ್ಣ ತೀರಾ ಮಂಕಾಗಿ ಬರಬಹುದು. ಬಣ್ಣ ನ್ಯೂಕ್ಲಿಯಸ್‌ನ ಅಂಚಿಗೆ ಬಳೆಯಂತೆ ಕೂತಿದ್ದರೆ ಜೋಡಿ ಜೀನ್ (ಫ್ಯೂಷನ್‌ನ ಇನ್ನೊಂದು ತುಂಡು) ಎಲ್‌ಎಂಎನ್‌ಎ ಇರಬಹುದು. ಎಎಲ್‌ಕೆ ಪಾಸಿಟಿವ್ ಬಂದೂ ಫ್ಯೂಷನ್ ಇಲ್ಲದಿರುವುದುಂಟು: ಕೆಲವು ಮೆಲನೋಮಗಳು ಆ ಜೀನ್‌ನ ತುಂಡೊಂದನ್ನು ಬೇರೆಡೆಯಿಂದ ಓದಿಕೊಳ್ಳುತ್ತವೆ. ಅದಕ್ಕೇ ಸ್ಟೇನ್ ಒಂದನ್ನೇ ನಂಬಿ ಔಷಧಿಗೆ ಕೈಹಾಕುವುದಿಲ್ಲ, ಜೋಡಣೆಯನ್ನು ಅಕ್ಷರಶಃ ಓದುವ ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡಿಸುತ್ತೇನೆ.

ಡಿಎನ್‌ಎ ಪ್ಯಾನೆಲ್ ಸಾಲದು. ಎನ್‌ಟಿಆರ್‌ಕೆ3ಯಂಥ ಜೀನ್‌ಗಳ ಇಂಟ್ರಾನ್‌ಗಳು (ಪ್ರೋಟೀನ್‌ಗೆ ಬಳಕೆಯಾಗದ ನಡುಭಾಗಗಳು) ಬಹಳ ಉದ್ದ, ತುಂಡಾಗುವ ಜಾಗ ಅಲ್ಲೆಲ್ಲೋ ತಪ್ಪಿಸಿಕೊಳ್ಳುತ್ತದೆ. ಎಲ್‌ಎಂಎನ್‌ಎ ಮತ್ತು ಎನ್‌ಟಿಆರ್‌ಕೆ1 ಒಂದೇ ಕ್ರೋಮೊಸೋಮಿನಲ್ಲಿ ಅಕ್ಕಪಕ್ಕ ಇರುವುದರಿಂದ ಫಿಶ್ (ಜೀನ್‌ಗೆ ಹೊಳೆಯುವ ಗುರುತು ಅಂಟಿಸಿ ನೋಡುವ ಪರೀಕ್ಷೆ) ಕೂಡ ಕೆಲವೊಮ್ಮೆ ಮೋಸಹೋಗುತ್ತದೆ. ಸ್ಲೈಡ್ ನೋಡಿ ಗಡ್ಡೆ ಇರುವ ಭಾಗವನ್ನಷ್ಟೇ ಗುರುತು ಹಾಕಿ ಕೆರೆಸಬೇಕು, ಅದರಲ್ಲಿ ಗಡ್ಡೆಯ ಕೋಶ 20%ಕ್ಕಿಂತ ಕಮ್ಮಿಯಾಗದಿರಲಿ. ಪ್ರತಿ ಬ್ಲಾಕಿಗೂ (ಮೇಣದಲ್ಲಿ ಹೂತ ತುಣುಕು) ಹೊಸ ಬ್ಲೇಡ್. ಕಪ್ಪು ಗಡ್ಡೆಯಾದರೆ ಅದರ ಬಣ್ಣದ ವಸ್ತು ಮೆಲನಿನ್, ಜೀನ್ ತುಂಡುಗಳ ಪ್ರತಿ ಮಾಡುವ ಪಿಸಿಆರ್ ಅನ್ನೇ ತಡೆಹಿಡಿಯುತ್ತದೆ, ಹೆಚ್ಚುವರಿ ಶುದ್ಧೀಕರಣ ಬೇಕು. ಫಲಿತಾಂಶದಲ್ಲಿ ನೋಡುವುದು ಎರಡೇ: ಜೋಡಣೆಯ ಓದಿನ ಚೌಕಟ್ಟು (ಜೀನ್ ಅಕ್ಷರಗಳನ್ನು ಮೂರು ಮೂರಾಗಿ ಓದುವ ಕ್ರಮ) ಕೆಟ್ಟಿಲ್ಲವೇ, ಕೈನೇಸ್ ಭಾಗ ಇಡಿಯಾಗಿ ಉಳಿದಿದೆಯೇ. ಎರಡರಲ್ಲಿ ಒಂದಿಲ್ಲದಿದ್ದರೂ ಆ ಫ್ಯೂಷನ್‌ಗೆ ಸಾಮಾನ್ಯವಾಗಿ ಬೆಲೆಯಿಲ್ಲ.

ಅಪಾಯ ಎಷ್ಟೆಂಬುದನ್ನು ಹೇಳುವುದು ಬೇರೆಯೇ ಲಕ್ಷಣಗಳು. 10 ಮಿ.ಮೀ.ಗಿಂತ ದೊಡ್ಡದು, ಹುಣ್ಣು, ಕೊಬ್ಬಿನ ಪದರಕ್ಕೆ ಇಳಿದಿರುವುದು, ಚದರ ಮಿ.ಮೀ.ಗೆ 6 ಅಥವಾ ಹೆಚ್ಚು ವಿಭಜನೆ: ಇವು ಕೂಡಿಬಂದಷ್ಟೂ ಚಿಂತೆ ಹೆಚ್ಚು. ಪಿ16 ಜೀನ್ ಇರುವ ಕ್ರೋಮೊಸೋಮ್ ಭಾಗ 9ಪಿ21ರ ಎರಡೂ ಪ್ರತಿ ಕಳೆದಿದ್ದರೆ, ಟರ್ಟ್ ಜೀನನ್ನು ಚಾಲೂ ಮಾಡುವ ಪ್ರಮೋಟರ್ ಭಾಗದಲ್ಲಿ ಮ್ಯುಟೇಷನ್ ಇದ್ದರೆ ಶಸ್ತ್ರಚಿಕಿತ್ಸಕರಿಗೆ ನಾನೇ ಫೋನ್ ಮಾಡುತ್ತೇನೆ.

ಮುಖ್ಯ ಚಿಕಿತ್ಸೆ ಪೂರ್ತಿ ಕತ್ತರಿಸಿ ಅಂಚು ಶುದ್ಧವಾಗಿಸುವುದು, ಬಹುತೇಕ ಮಕ್ಕಳಿಗೆ ಅಷ್ಟೇ ಸಾಕು. ಸೆಂಟಿನೆಲ್ ಗ್ರಂಥಿ (ಗಡ್ಡೆಯ ಕೋಶ ಮೊದಲು ತಲುಪುವ ದುಗ್ಧಗ್ರಂಥಿ) ತೆಗೆಯುವ ಆತುರಕ್ಕೆ ನನ್ನ ಸಮ್ಮತಿಯಿಲ್ಲ. ಅನುಮಾನಾಸ್ಪದ ಸ್ಪಿಟ್ಜ್ ಗಡ್ಡೆಗಳಲ್ಲಿ ಗ್ರಂಥಿಯಲ್ಲಿ ಕೋಶ ಸಿಗುವುದು ಹೊಸದಲ್ಲ, ಆ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಇರುತ್ತಾರೆ. ಸಿಕ್ಕಿದ್ದನ್ನು ನೋಡಿ ಗಾಬರಿಯಾಗಿ ಮಗುವಿಗೆ ಅನವಶ್ಯಕ ಚಿಕಿತ್ಸೆ ಕೊಡುವುದೇ ದೊಡ್ಡ ನಷ್ಟ.

ಔಷಧಿಯ ಮಾತು ಬರುವುದು ಹರಡಿದಾಗ ಅಥವಾ ಕತ್ತರಿಸಲಾಗದಾಗ. ಎನ್‌ಟಿಆರ್‌ಕೆಗೆ ಲ್ಯಾರೊಟ್ರೆಕ್ಟಿನಿಬ್, ದೇಹದ ಮೇಲ್ಮೈಯ ಚದರ ಮೀಟರಿಗೆ 100 ಮಿ.ಗ್ರಾಂ., ದಿನಕ್ಕೆರಡು ಸಲ, ಒಂದು ಸಲಕ್ಕೆ 100 ಮಿ.ಗ್ರಾಂ. ಮೀರದಂತೆ. ಆರಂಭದಲ್ಲಿ ಎರಡು ವಾರಕ್ಕೊಮ್ಮೆ ಲಿವರ್ ಪರೀಕ್ಷೆ. ಮತ್ತೆ ಬೆಳೆಯತೊಡಗಿದರೆ ಹೊಸ ಬಯಾಪ್ಸಿ ಬೇಕೇ ಬೇಕು, ಏಕೆಂದರೆ ಎನ್‌ಟಿಆರ್‌ಕೆ1ರಲ್ಲಿ ಜಿ595ಆರ್‌ನಂಥ ಬದಲಾವಣೆ ಬಂದಿದ್ದರೆ ಈ ಔಷಧಿ ಕೈನೇಸ್‌ಗೆ ಅಂಟುವುದೇ ಇಲ್ಲ. ಬಿರಾಫ್ ಫ್ಯೂಷನ್‌ನಲ್ಲಿ ಮಾತ್ರ ವಿಶೇಷ ಎಚ್ಚರ. ಹೆಸರು ಒಂದೇ ಎಂದು ಬಿರಾಫ್‌ನ ಒಂದೇ ಜಾಗ ಬದಲಾಗುವ ವಿ600ಇ ಮ್ಯುಟೇಷನ್‌ಗೆ ಕೊಡುವ ವೆಮುರಾಫೆನಿಬ್ ಬರೆದರೆ ಅದು ಕೆಲಸ ಮಾಡದಿರುವುದಷ್ಟೇ ಅಲ್ಲ, ಅದೇ ಸಂಕೇತ ಸರಣಿಯನ್ನು ಇನ್ನಷ್ಟು ಕೆರಳಿಸಬಲ್ಲದು. ಅಲ್ಲಿ ಯೋಚಿಸಬೇಕಾದದ್ದು ಅದೇ ಸರಣಿಯ ಮುಂದಿನ ಕೊಂಡಿಯಾದ ಮೆಕ್ ಅನ್ನು ತಡೆಯುವ ಟ್ರಾಮೆಟಿನಿಬ್‌ನಂಥ ಔಷಧಿಗಳನ್ನು. ಅದಕ್ಕಾಗಿ ನನ್ನ ರಿಪೋರ್ಟಿನಲ್ಲಿ ಬರೀ ಬಿರಾಫ್ ಪಾಸಿಟಿವ್ ಎಂದು ಎಂದೂ ಬರೆಯುವುದಿಲ್ಲ. ಫ್ಯೂಷನ್ ಎಂಬ ಪದ, ಜೋಡಿ ಜೀನ್‌ನ ಹೆಸರು, ಎಕ್ಸಾನ್‌ನ (ಪ್ರೋಟೀನ್‌ಗೆ ಬಳಕೆಯಾಗುವ ಜೀನ್ ತುಂಡು) ಸಂಖ್ಯೆ: ಈ ಮೂರನ್ನೂ ಮೊದಲ ಸಾಲಿನಲ್ಲೇ ಹಾಕುತ್ತೇನೆ.