ಹಕ್ಕಿಗಳಿಗೆ ಕೇಡಾಗುವ ಗಿಡಗಳನ್ನು ಕೈತೋಟದಿಂದ ತೆಗೆಯುವುದು ಹೇಗೆ?

ತೋಟದಲ್ಲಿ ಕೆಂಪು ಹಣ್ಣಿನ ಗೊಂಚಲು ತೂಗಿದರೆ ಹಕ್ಕಿಗಳಿಗೆ ಊಟ ಸಿಕ್ಕಿತೆಂದು ಸಂತೋಷಪಡುತ್ತೇವೆ. ಎಲ್ಲ ಹಣ್ಣಿಗೂ ಈ ಮಾತು ಸಲ್ಲದು. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸೀಡರ್ ವ್ಯಾಕ್ಸ್‌ವಿಂಗ್ ಹಕ್ಕಿಗಳು ಹತ್ತಾರು ಸಂಖ್ಯೆಯಲ್ಲಿ ಸತ್ತುಬಿದ್ದವು. ಪರೀಕ್ಷಿಸಿದ ಹಕ್ಕಿಗಳ ಹೊಟ್ಟೆಯಲ್ಲಿ ಇದ್ದದ್ದು ನಂದಿನಾ ಹಣ್ಣು ಮಾತ್ರ. ಪೂರ್ವ ಏಷ್ಯಾದಿಂದ ಅಲಂಕಾರಕ್ಕೆಂದು ತಂದ ಈ ಪೊದೆಯ ಹಣ್ಣು ಜೀರ್ಣವಾಗುವಾಗ ಸಯನೈಡ್ ಹೊರಬರುತ್ತದೆ. ವ್ಯಾಕ್ಸ್‌ವಿಂಗ್‌ಗಳು ಗುಂಪಾಗಿ ಬಂದು ಹೊಟ್ಟೆ ಬಿರಿಯುವಷ್ಟು ತಿನ್ನುವುದರಿಂದ ಅವುಗಳಿಗೇ ಅಪಾಯ ಹೆಚ್ಚು.

ಕಣ್ಣಿಗೆ ಬೀಳದ ಕೇಡು ಇನ್ನೊಂದಿದೆ, ನನಗೆ ಅದೇ ದೊಡ್ಡದೆನಿಸುತ್ತದೆ. ಕ್ಯಾರೊಲಿನಾ ಚಿಕಡೀ ಎಂಬ ಪುಟ್ಟ ಹಕ್ಕಿಗೆ ಒಂದು ಸಂಸಾರ ಸಾಕಲು 6,000ದಿಂದ 9,000 ಎಲೆಹುಳುಗಳು ಬೇಕು. ಹೊರನಾಡಿನ ಗಿಡಗಳ ಎಲೆಯನ್ನು ಸ್ಥಳೀಯ ಹುಳುಗಳಲ್ಲಿ ಹೆಚ್ಚಿನವು ತಿನ್ನುವುದೇ ಇಲ್ಲ. ವಾಷಿಂಗ್ಟನ್ ಸುತ್ತಲಿನ ತೋಟಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸ್ಥಳೀಯ ಸಸ್ಯಗಳ ಪಾಲು ಶೇ 70ಕ್ಕಿಂತ ಕೆಳಗಿಳಿದ ಕಡೆ ಈ ಹಕ್ಕಿಯ ಸಂತತಿ ಉಳಿಯುವಷ್ಟು ಮರಿಗಳು ಬೆಳೆಯಲಿಲ್ಲ.

ಕೆಲಸ ಶುರುವಾಗುವುದು ಗುರುತಿಸುವುದರಿಂದ. ಎಲೆ, ಹೂವು, ಹಣ್ಣು ಮೂರರ ಚಿತ್ರ ತೆಗೆದು ಸಸ್ಯಗಳನ್ನು ಬಲ್ಲವರಿಗೆ ತೋರಿಸಿ. ಹೊರಗಿನಿಂದ ಬಂದದ್ದೆಲ್ಲ ಆಕ್ರಮಣಕಾರಿಯಲ್ಲ. ನೆಟ್ಟ ಜಾಗ ಬಿಟ್ಟು ತಾನಾಗಿ ಹಬ್ಬುವ ಲಂಟಾನ, ಪೊದೆ ಹನಿಸಕಲ್‌ನಂಥವುಗಳ ಮೇಲೆ ಕಣ್ಣಿಡಿ.

ಗಿಡ ಕೀಳಲು ಸಮಯವಿಲ್ಲದಿದ್ದರೆ ಹಣ್ಣಾಗುವ ಮೊದಲೇ ಗೊಂಚಲುಗಳನ್ನಾದರೂ ಕತ್ತರಿಸಿ ಚೀಲದಲ್ಲಿ ಕಟ್ಟಿ. ಗೊಬ್ಬರದ ಗುಂಡಿಗೆ ಸುರಿಯಬೇಡಿ, ಬೀಜ ಅಲ್ಲಿಂದಲೇ ಮೊಳೆಯುತ್ತದೆ.

ಕೀಳುವ ಮುನ್ನ ಪೊದೆಯೊಳಗೆ ಬಗ್ಗಿ ನೋಡಿ. ಗೂಡಿದ್ದರೆ ಮರಿಗಳು ಹಾರಿಹೋಗುವವರೆಗೂ ಕೈ ಹಚ್ಚಬೇಡಿ. ಎಳೆಯ ಗಿಡಗಳು ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಬೇರುಸಹಿತ ಸುಲಭವಾಗಿ ಬರುತ್ತವೆ. ದೊಡ್ಡ ಪೊದೆಯನ್ನು ಬರೀ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಆದ್ದರಿಂದ ಬುಡ ಅಗೆದೇ ತೆಗೆಯಿರಿ.

ಇಡೀ ಬೇಲಿಯನ್ನು ಒಂದೇ ದಿನ ಬೋಳು ಮಾಡುವುದು ಬೇಡ. ಹಕ್ಕಿಗಳಿಗೆ ಮರೆಯೇ ಇಲ್ಲದಂತಾಗುತ್ತದೆ. ಒಂದು ಭಾಗ ತೆರವು ಮಾಡಿ, ಅಲ್ಲಿ ಆ ಪ್ರದೇಶದ್ದೇ ಗಿಡ ನೆಟ್ಟು, ಅದು ಬೇರೂರಿದ ಮೇಲೆ ಮುಂದಿನ ಭಾಗಕ್ಕೆ ಹೋಗಿ. ಹೊಸ ಗಿಡದ ಎಲೆಯಲ್ಲಿ ತೂತು ಕಂಡರೆ ಕೀಟನಾಶಕ ಹೊಡೆಯಬೇಡಿ, ಮರಿಗಳ ಊಟ ಅಲ್ಲಿಯೇ ಇದೆ. ಹಕ್ಕಿಗಳು ಕೂರುವ ಕೊಂಬೆ, ತಂತಿಗಳ ಕೆಳಗೆ ಹಿಕ್ಕೆಯೊಡನೆ ಬಿದ್ದ ಹಳೆಯ ಬೀಜಗಳು ಮುಂದಿನ ವರ್ಷಗಳಲ್ಲೂ ಮೊಳೆಯಬಹುದು. ಸಸಿ ಬೆರಳುದ್ದ ಇರುವಾಗಲೇ ಕಿತ್ತುಹಾಕಿ.