ಗಟ್ಟಿ ಕಪ್ಪು ಸ್ಟೌಟ್: ರುಚಿ ನೋಡುವುದು, ಅಂಕ ಕೊಡುವುದು ಹೇಗೆ?

‘ಬರೇ ಕಹಿ ಐತಿ’ ಎಂದು ಗ್ಲಾಸು ಪಕ್ಕಕ್ಕಿಡುವವರು ಕೆಲವರು. ‘ಭಾರಿ ಸ್ಟ್ರಾಂಗ್ ಐತಿ, ಅಂದ್ರ ಚಲೋ ಮಾಲು’ ಎನ್ನುವವರು ಇನ್ನು ಕೆಲವರು. ಹುಬ್ಬಳ್ಳಿ-ಧಾರವಾಡದಲ್ಲಿ ನಾಲ್ಕು ಜನ ಸೇರಿ ಕ್ರಾಫ್ಟ್ ಸ್ಟೌಟ್ (ಸಣ್ಣ ಬ್ರೂವರಿಗಳು ಮಾಡುವ ಕಪ್ಪು ಬೀರು) ಬಾಟಲಿ ತೆರೆದರೆ ಹೆಚ್ಚಾಗಿ ಈ ಎರಡೇ ತೀರ್ಪು ಕೇಳಿಬರುತ್ತವೆ. ಎರಡೂ ತಪ್ಪಿನ ಬೇರು ಒಂದೇ. ಫ್ರಿಜ್‌ನಿಂದ ತೆಗೆದ ತಕ್ಷಣ ಕುಡಿದಿರುತ್ತಾರೆ, ಬಾಯಿಗೆ ಬಂದ ಕಹಿ ಯಾವ ಕಹಿ ಎಂದು ಬಿಡಿಸಿ ನೋಡಿರುವುದಿಲ್ಲ.

ಸ್ಟೌಟ್‌ಗಳಲ್ಲಿ ಅತಿ ಗಟ್ಟಿಯಾದದ್ದು ಇಂಪೀರಿಯಲ್ ಸ್ಟೌಟ್. ಮದ್ಯಾಂಶ ಸಾಮಾನ್ಯವಾಗಿ 8ರಿಂದ 12 ಪ್ರತಿಶತ. 18ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಥ್ರೇಲ್ ಬ್ರೂವರಿಯಿಂದ ರಷ್ಯಾದ ರಾಣಿ ಕ್ಯಾಥರಿನ್ ಆಸ್ಥಾನಕ್ಕೆ ಹೋಗುತ್ತಿದ್ದ ಗಟ್ಟಿ ಪೋರ್ಟರ್ (ಕಡುಗಂದು ಬಣ್ಣದ ಬೀರು) ಇದರ ಮೂಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಬೀರಿಗೆ 8 ಪ್ರತಿಶತವೇ ಮೇಲಿನ ಮಿತಿ. ಹಾಗಾಗಿ ಇಲ್ಲಿ ಕೈಗೆ ಸಿಗುವುದು ಆ ಮಿತಿಯೊಳಗಿನದು. ಅದಕ್ಕಿಂತ ಗಟ್ಟಿಯಾದದ್ದು ಹೊರದೇಶದಿಂದ ಬಂದವರ ಚೀಲದಲ್ಲಿ ಬರಬೇಕು. ಲೆಕ್ಕ ನೆನಪಿರಲಿ: 10 ಪ್ರತಿಶತದ 330 ಮಿ.ಲೀ. ಬಾಟಲಿಯಲ್ಲಿರುವ ಮದ್ಯ, 5 ಪ್ರತಿಶತದ 650 ಮಿ.ಲೀ. ದೊಡ್ಡ ಬಾಟಲಿಯಲ್ಲಿ ಇರುವಷ್ಟೇ. ಒಂದು ಸಣ್ಣ ಬಾಟಲಿ ಮೂರು ಜನರಿಗೆ ಸಾಕು, ತಲೆಗೆ 100 ಮಿ.ಲೀ. 21 ವರ್ಷ ತುಂಬದವರಿಗೆ ಈ ಲೇಖನ ಅಲ್ಲ, ರುಚಿ ನೋಡಿದ ಮೇಲೆ ಗಾಡಿ ಹೊಡೆಯುವವರಿಗೂ ಅಲ್ಲ.

ಬಾಟಲಿ, ಗ್ಲಾಸು, ಕೋಣೆ

ಕೊಳ್ಳುವಾಗ ತುಂಬಿದ ದಿನಾಂಕ ನೋಡಿ. ಏಪ್ರಿಲ್-ಮೇ ಬಿಸಿಲು ಬೀಳುವ ಶೋಕೇಸಿನಲ್ಲಿ ನಿಂತ ಬಾಟಲಿ ಬೇಡವೇ ಬೇಡ. ಕಂದು ಗಾಜು ಬೆಳಕನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಬಿಸಿಯನ್ನು ತಡೆಯುವುದಿಲ್ಲ. ಗೋವಾದಿಂದ ಕಾರಿನ ಡಿಕ್ಕಿಯಲ್ಲಿ ತರುವ ವಿಚಾರವನ್ನೂ ಬಿಡಿ. ಪರವಾನಗಿ ಇಲ್ಲದೆ ಗಡಿ ದಾಟಿಸಿದರೆ ಅಬಕಾರಿ ಕೇಸು, ಮೇಲಾಗಿ ಬಿಸಿಲಿಗೆ ಕಾದ ಡಿಕ್ಕಿಯಲ್ಲಿ ಬೀರು ಬೆಂದೇ ಹೋಗುತ್ತದೆ. ತಳದಲ್ಲಿ ಯೀಸ್ಟ್ ಗಸಿ ಇದ್ದರೆ ಬಾಟಲಿಯನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ.

ಗ್ಲಾಸು ಕೆಳಗೆ ಹೊಟ್ಟೆ, ಮೇಲೆ ಸಣ್ಣ ಬಾಯಿ ಇರುವಂಥದ್ದಾಗಲಿ. ಟ್ಯುಲಿಪ್ ಗ್ಲಾಸು ಸಿಗದಿದ್ದರೆ ಬ್ರಾಂದಿ ಗ್ಲಾಸು ಅಥವಾ ವೈನ್ ಗ್ಲಾಸು ನಡೆಯುತ್ತದೆ. ಸ್ಟೀಲ್ ಲೋಟ, ಪ್ಲಾಸ್ಟಿಕ್ ಕಪ್ಪು, ಫ್ರೀಜರಿನಲ್ಲಿಟ್ಟು ಹಿಮ ಕಟ್ಟಿಸಿದ ಮಗ್ಗು ಯಾವುದೂ ಬೇಡ. ನಿಂಬೆ ವಾಸನೆಯ ಪಾತ್ರೆ ಸೋಪು ನೊರೆಯನ್ನೂ ಕೊಲ್ಲುತ್ತದೆ, ಘಮವನ್ನೂ ಕೆಡಿಸುತ್ತದೆ. ಅಡುಗೆ ಸೋಡಾ ಹಾಕಿ ಉಜ್ಜಿ. ಕೊನೆಯ ಸಲ ಕುಡಿಯುವ ನೀರಿನಲ್ಲೇ ಜಾಲಿಸಿ, ಏಕೆಂದರೆ ನಲ್ಲಿಗೆ ಬರುವ ಮಲಪ್ರಭೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಗ್ಲಾಸಿಗೆ ಅಂಟಿ ಉಳಿದರೆ ತಪ್ಪು ಬೀರಿನ ತಲೆಗೆ ಬರುತ್ತದೆ. ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಒಣಗಿಸಿ. ಜಿಡ್ಡು ಹೋಗಿದೆಯೇ ಎಂದು ತಿಳಿಯಲು ಒಳಗೆ ನೀರು ಸುರಿದು ಚೆಲ್ಲಿ. ನೀರು ಒಂದೇ ಪದರವಾಗಿ ಜಾರಿದರೆ ಸರಿ, ಹನಿಹನಿಯಾಗಿ ನಿಂತರೆ ಮತ್ತೆ ತೊಳೆಯಿರಿ.

ಕೋಣೆಯಲ್ಲಿ ಊದುಬತ್ತಿ, ಸೊಳ್ಳೆ ಬತ್ತಿ, ಫಿನಾಯಿಲ್, ಒಗ್ಗರಣೆ ಯಾವುದರ ವಾಸನೆಯೂ ಇರಬಾರದು. ಒಂದು ತಾಸು ಮೊದಲಿನಿಂದ ಗಿರ್ಮಿಟ್, ಮಿರ್ಚಿ, ಸವಣೂರು ಎಲೆಯ ಪಾನು, ಗುಟ್ಕಾ, ಸಿಗರೇಟು ಎಲ್ಲ ಬಂದ್. ನಡುನಡುವೆ ಬಾಯಿ ತೊಳೆಯಲು ನೀರು ಮತ್ತು ಖಡಕ್ ಜೋಳದ ರೊಟ್ಟಿಯ ಚೂರು ಸಾಕು. ರೊಟ್ಟಿಯಲ್ಲಿ ಕಪ್ಪಗೆ ಹೊತ್ತಿದ ಚುಕ್ಕೆ ಇದ್ದ ಭಾಗ ಮುರಿದು ತೆಗೆಯಿರಿ, ಆ ಸೀದ ರುಚಿ ಬೀರಿನದ್ದೆಂದು ಮೋಸಹೋಗುವಿರಿ.

ತಾಪಮಾನ

ಹೆಚ್ಚಿನವರು ಎಡವುವ ಮೊದಲ ಜಾಗ ಇದು. ಫ್ರಿಜ್‌ನ 4 ಡಿಗ್ರಿಯಲ್ಲಿ ಘಮದ ಅಂಶಗಳು ಬೀರಿನಿಂದ ಮೇಲೇಳುವುದೇ ಇಲ್ಲ. ಸಿಹಿ ಅಡಗಿ, ಕಹಿ ಮತ್ತು ಗ್ಯಾಸಿನ ಚುರುಕು ಮಾತ್ರ ಎದ್ದು ಕಾಣುತ್ತವೆ. ‘ಬರೇ ಕಹಿ’ ಎಂಬ ದೂರು ಹುಟ್ಟುವುದು ಇಲ್ಲಿಯೇ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ‘ಸ್ಟೌಟನ್ನು ರೂಮ್ ಟೆಂಪರೇಚರಿನಲ್ಲಿ ಕುಡಿಯಬೇಕು’ ಎಂದು ಎಲ್ಲೋ ಓದಿ 35 ಡಿಗ್ರಿಯ ಹುಬ್ಬಳ್ಳಿ ಬೇಸಿಗೆಯಲ್ಲಿ ಹಾಗೇ ತೆರೆಯುತ್ತಾರೆ. ಆಗ ಸಿಗುವುದು ಸ್ಪಿರಿಟ್ ವಾಸನೆಯ ಪಾನಕ.

ಶುರು ಮಾಡಬೇಕಾದದ್ದು 8 ಡಿಗ್ರಿಯಲ್ಲಿ. ಬೇಸಿಗೆಯಲ್ಲಿ ಫ್ರಿಜ್‌ನಿಂದ ತೆಗೆದು 10-15 ನಿಮಿಷ, ಮಳೆಗಾಲದ ಧಾರವಾಡದಲ್ಲಿ 20 ನಿಮಿಷಕ್ಕೂ ಹೆಚ್ಚು ಬೇಕು. ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಊಹೆಯ ಗೊಡವೆಯೇ ಇಲ್ಲ. ಅದೇ ಗ್ಲಾಸನ್ನು ಮೂರು ಹಂತದಲ್ಲಿ ಕುಡಿಯಿರಿ: 8ರಲ್ಲಿ ಒಂದು ಗುಟುಕು, 12ರ ಸುತ್ತ ಮುಖ್ಯ ಪರೀಕ್ಷೆ, 16ರಲ್ಲಿ ಕೊನೆಯ ನೋಟ. ಗ್ಲಾಸನ್ನು ಅಂಗೈಯಲ್ಲಿ ಹಿಡಿದರೆ ಬೇಕಾದಷ್ಟು ಬಿಸಿಯಾಗುತ್ತದೆ. ಎರಡು ಲೋಟಗಳ ನಡುವೆ ಚಹಾದಂತೆ ಎತ್ತಿ ಸುರಿದು ಬೆಚ್ಚಗೆ ಮಾಡುವುದು ಬೇಡ, ಗ್ಯಾಸೆಲ್ಲ ಹೋಗಿ ಬೀರು ಸತ್ತುಹೋಗುತ್ತದೆ. ಐಸ್ ತುಂಡು ಹಾಕುವವರು ಅಂಕ ಕೊಡುವ ಕೆಲಸಕ್ಕೆ ಬರಬಾರದು.

ಸುರಿಯುವುದು, ನೋಡುವುದು

ಗ್ಲಾಸನ್ನು ಓರೆ ಹಿಡಿದು ಸುರಿಯಲು ತೊಡಗಿ, ಕೊನೆಯಲ್ಲಿ ನೆಟ್ಟಗೆ ಮಾಡಿ ನೊರೆ ಎಬ್ಬಿಸಿ, ತಳದ ಗಸಿ ಬಾಟಲಿಯಲ್ಲೇ ಬಿಡಿ. ನೊರೆ ಕಂದು ಬಣ್ಣದ್ದಿರಬೇಕು. ಮದ್ಯಾಂಶ ಹೆಚ್ಚಿದ್ದಾಗ ನೊರೆ ಬೇಗ ಇಳಿಯುವುದು ಸಹಜ, ಅದಕ್ಕೆ ಅಂಕ ಕಳೆಯಬೇಡಿ. ಮೊಬೈಲ್ ಟಾರ್ಚು ಹಿಂದೆ ಹಿಡಿದರೆ ಅಂಚಿನಲ್ಲಿ ಕೆಂಪುಗಂದು ಕಂಡೀತು, ಕಾಣದಿದ್ದರೂ ದೋಷವಲ್ಲ. ಮುಚ್ಚಳ ತೆಗೆದೊಡನೆ ಬಾಟಲಿಯಿಂದ ನೊರೆ ಉಕ್ಕಿ ಹರಿದರೆ ಮಾತ್ರ ಸೋಂಕಿನ ಅನುಮಾನ ಇಟ್ಟುಕೊಂಡು ಮುಂದುವರಿಯಿರಿ.

ಮೂಗು

ಸುರಿದ ತಕ್ಷಣ, ಕುಡಿಯುವ ಮೊದಲು, ಮೂಸಿ. ಒಂದು ದೀರ್ಘ ಉಸಿರಿಗಿಂತ ಮೂರ್ನಾಲ್ಕು ಚಿಕ್ಕ ಉಸಿರು ಒಳ್ಳೆಯದು, ಮೂಗು ಬೇಗ ಮಂಕಾಗುವುದಿಲ್ಲ. ಆಮೇಲೆ ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿ ನಾಲ್ಕು ಸುತ್ತು ತಿರುಗಿಸಿ, ಕೈ ಸರಿಸಿ ಮತ್ತೆ ಮೂಸಿ. ಸಿಕ್ಕಿದ್ದನ್ನು ಆಗಲೇ ಬರೆಯಿರಿ. ಪಕ್ಕದವರು ‘ಚಾಕೊಲೇಟ್’ ಎಂದರೆ ನಿಮಗೂ ಚಾಕೊಲೇಟೇ ಸಿಗುತ್ತದೆ. ಆದ್ದರಿಂದ ಬರೆದು ಮುಗಿಯುವವರೆಗೆ ಯಾರೂ ಮಾತಾಡಬಾರದು.

ಒಳ್ಳೆಯ ಸ್ಟೌಟ್‌ನಲ್ಲಿ ಹುಡುಕಬೇಕಾದದ್ದು ಹುರಿದ ಕಾಫಿ ಬೀಜ, ಕಡು ಚಾಕೊಲೇಟ್, ಕಾಕಂಬಿ, ಖರ್ಜೂರ, ಒಣದ್ರಾಕ್ಷಿ, ಜೇಷ್ಠಮಧು. ಪರದೇಶದ ಹಣ್ಣುಗಳ ಹೆಸರು ಬರೆಯಬೇಕೆಂದೇನಿಲ್ಲ. ಹುರಿದ ಗುರೆಳ್ಳಿನ ವಾಸನೆ ಬಂದರೆ ಗುರೆಳ್ಳು ಎಂದೇ ಬರೆಯಿರಿ, ಧಾರವಾಡ ಪೇಡೆಯ ಕಂದಿದ ಹಾಲಿನ ಘಮ ಬಂದರೆ ಪೇಡೆ ಎಂದೇ ಬರೆಯಿರಿ.

ಬರಬಾರದ ವಾಸನೆಗಳಿಗೆ ಕಾರಣವೂ ತಿಳಿದಿರಬೇಕು. ಬೇಯಿಸಿದ ಗೋವಿನಜೋಳದ ವಾಸನೆ ಬಂದರೆ ಕುದಿಸಿದ್ದು ಸಾಲದು. ಕಾಯಿ ಸೇಬಿನ ಹಸಿ ವಾಸನೆ ಹುದುಗು ಪೂರ್ತಿಯಾಗದ್ದರ ಗುರುತು. ಬೆಣ್ಣೆಯ ವಾಸನೆ ಡಯಾಸಿಟೈಲ್‌ನದು, ಯೀಸ್ಟಿಗೆ ತನ್ನ ಕೆಲಸ ಮುಗಿಸಲು ಬಿಡದೆ ಬೇಗ ತಣ್ಣಗೆ ಮಾಡಿದರೆ ಉಳಿಯುತ್ತದೆ. ಸ್ಟೌಟ್‌ನಲ್ಲಿ ಇದು ಟಾಫಿ ಘಮದ ಹಿಂದೆ ಅವಿತು 16 ಡಿಗ್ರಿಯಲ್ಲಿ ಹೊರಬರುವುದೂ ಉಂಟು. ಒದ್ದೆ ರಟ್ಟು ಅಥವಾ ಸೋಯಾ ಸಾಸ್ ವಾಸನೆ ಬಂದರೆ ಗಾಳಿ ತಗುಲಿಯೋ ಬಿಸಿಯಲ್ಲಿ ನಿಂತೋ ಹಳಸಿದೆ. ಗಾಯದ ಪಟ್ಟಿಯ ವಾಸನೆ ಬಂದರೆ ಬ್ರೂವರಿ ನೀರಿನ ಕ್ಲೋರಿನ್ ತೆಗೆದಿಲ್ಲ, ಅಥವಾ ಬೇರೆ ಯೀಸ್ಟಿನ ಸೋಂಕು. ನೇಲ್ ಪಾಲಿಶ್ ವಾಸನೆ ಬಂದರೆ ಹುದುಗು ಏರುವಾಗ ಯೀಸ್ಟ್ ಬಿಸಿಗೆ ಬಳಲಿದೆ. ಕಾಫಿ ಬೆರೆಸಿದ ಸ್ಟೌಟ್‌ನಲ್ಲಿ ಡಬ್ಬು ಮೆಣಸಿನಕಾಯಿಯ ಹಸಿ ವಾಸನೆ ಬರುವುದುಂಟು. ಅದು ಬೆರೆಸಿದ ಕಾಫಿಯ ದೋಷ, ಅಂಕ ಕಳೆಯಿರಿ.

ನಾಲಿಗೆ: ಕಹಿಯನ್ನು ಬಿಡಿಸುವುದು

ಮೂರು ಸಣ್ಣ ಚಮಚೆಯಷ್ಟು, ಸುಮಾರು 15 ಮಿ.ಲೀ., ಬಾಯಿಗೆ ತೆಗೆದುಕೊಂಡು ಐದು ಸೆಕೆಂಡು ನಾಲಿಗೆಯ ಮೇಲೆಲ್ಲ ಆಡಿಸಿ ನುಂಗಿ. ವೈನಿನವರಂತೆ ಉಗುಳಬೇಡಿ, ಬೀರಿನ ಕಹಿ ಮತ್ತು ಹಿಂರುಚಿ ನುಂಗಿದ ಮೇಲೆ ಪೂರ್ತಿ ತಿಳಿಯುತ್ತವೆ. ನುಂಗಿದ ಕೂಡಲೇ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ನಾಲಿಗೆಯ ತುದಿಗೆ ಸಿಹಿ, ಹಿಂದಕ್ಕೆ ಕಹಿ ಎಂಬ ಶಾಲೆಯ ಚಿತ್ರ ತಪ್ಪು, ಅದನ್ನು ನಂಬಿ ಜಾಗ ಹುಡುಕಬೇಡಿ.

‘ಕಹಿ’ ಎಂದು ಜನ ಒಂದೇ ಮಾತಿನಲ್ಲಿ ಹೇಳುವುದರೊಳಗೆ ನಾಲ್ಕು ಸಂಗತಿಗಳಿವೆ: ಹುರಿದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಕಹಿ, ಹಾಪ್ಸ್ (ಬೀರಿಗೆ ಹಾಕುವ ಒಂದು ಬಳ್ಳಿಯ ಹೂ) ಕಹಿ, ಒಗರು, ಹುಳಿ. ಮೊದಲೆರಡು ಬೇಕು, ಮೂರನೆಯದು ಬೇಡ, ನಾಲ್ಕನೆಯದು ಚೂರೇ ಇರಬಹುದು. ಇವನ್ನು ಬಾಯಲ್ಲೇ ಕಲಿಯಲು ನಾಲ್ಕು ಸಣ್ಣ ಬಟ್ಟಲು ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಹಾಲು-ಸಕ್ಕರೆ ಇಲ್ಲದ, ಆರಿದ ಕಾಫಿ ಡಿಕಾಕ್ಷನ್. ಚಿಕೋರಿ ಬೆರೆತ ಪುಡಿ ಬೇಡ, ಅದರ ಕಹಿಯೇ ಬೇರೆ. ಎರಡನೆಯದರಲ್ಲಿ ಒಂದು ಚಮಚೆ ಮೆಂತ್ಯ ರಾತ್ರಿಯೆಲ್ಲ ನೆನೆಸಿ ಸೋಸಿದ ನೀರು. ಮೂರನೆಯದರಲ್ಲಿ 100 ಮಿ.ಲೀ. ಕುದಿನೀರಿಗೆ ಎರಡು ಚಮಚೆ ಚಹಾಪುಡಿ ಹಾಕಿ 10 ನಿಮಿಷ ಬಿಟ್ಟು ಸೋಸಿದ್ದು. ನಾಲ್ಕನೆಯದರಲ್ಲಿ ಒಂದು ಲೋಟ ನೀರಿಗೆ ಅರ್ಧ ಚಮಚೆ ವಿನೆಗರ್. ಒಂದೊಂದನ್ನೂ ಒಂದು ಹನಿ ಚಪ್ಪರಿಸಿ, ನೀರು ಕುಡಿದು, ಐದು ನಿಮಿಷ ಬಿಟ್ಟು ಸ್ಟೌಟ್‌ಗೆ ಬನ್ನಿ.

ಹುರಿದ ಮಾಲ್ಟಿನ ಕಹಿ ತನ್ನ ಘಮದ ಜೊತೆಗೇ ಬರುತ್ತದೆ. ನುಂಗಿ ಮೂಗಿನಿಂದ ಉಸಿರು ಬಿಟ್ಟಾಗ ಕಾಫಿ-ಚಾಕೊಲೇಟು ಮತ್ತೆ ಸಿಕ್ಕರೆ ಇದೇ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಮಾಲ್ಟನ್ನು ತಿರುಗುವ ಡ್ರಮ್ಮಿನಲ್ಲಿ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ, ಮಾಲ್ಟಿಗೆ ಬೆಂಕಿ ಹತ್ತದಂತೆ ಅದನ್ನು ಕಪ್ಪಗೆ ಹುರಿಯುವುದು ಸುಲಭವಾಯಿತು. ಸ್ಟೌಟ್‌ನ ಕಪ್ಪು ಬರುವುದು ಇಂಥ ಮಾಲ್ಟು ಮತ್ತು ಹುರಿದ ಬಾರ್ಲಿಯಿಂದ. ಉಸಿರು ಬಿಟ್ಟಾಗ ಘಮದ ಬದಲು ಬೂದಿ, ಸುಟ್ಟ ರಬ್ಬರು ಬಂದರೆ ಕಪ್ಪು ಮಾಲ್ಟು ಮಿತಿಮೀರಿದೆ.

ಹಾಪ್ಸ್ ಕಹಿಗೆ ಕಾಫಿಯ ಘಮವಿಲ್ಲ. ತಡವಾಗಿ ಬಂದು ಬಹಳ ಹೊತ್ತು ನಿಲ್ಲುತ್ತದೆ, ಆದರೆ ಬಾಯಿ ಒಣಗುವುದಿಲ್ಲ. ಗಟ್ಟಿ ಸ್ಟೌಟ್‌ಗೆ ಇದು ಬೇಕೇ ಬೇಕು, ಇಲ್ಲದಿದ್ದರೆ ಉಳಿದ ಸಿಹಿ ಬಾಯಿಗೆ ಅಂಟುತ್ತದೆ.

ಒಗರು ನಾಲಿಗೆಗೆ ರುಚಿಗಿಂತ ಸ್ಪರ್ಶವಾಗಿ ತಿಳಿಯುತ್ತದೆ. ನುಂಗಿ ಹತ್ತು ಸೆಕೆಂಡು ಕಳೆದ ಮೇಲೆ ನಾಲಿಗೆಯನ್ನು ಅಂಗುಳಕ್ಕೆ ಉಜ್ಜಿ. ಜಾರಿದರೆ ಸರಿ. ಒರಟಾಗಿ ಹಿಡಿದರೆ, ಕೆನ್ನೆಯ ಒಳಭಾಗ ಬಿಗಿದುಕೊಂಡರೆ, ಅದು ಒಗರು. ಮಾಲ್ಟು ತೊಳೆಯುವ ನೀರು 77 ಡಿಗ್ರಿ ದಾಟಿದಾಗ, ಆ ನೀರಿನ ಪಿಎಚ್ ಏರಿ ಆಮ್ಲತೆ ತಗ್ಗಿದಾಗ, ಕಪ್ಪು ಮಾಲ್ಟನ್ನು ಹಿಟ್ಟಿನಂತೆ ಬೀಸಿದಾಗ ಸಿಪ್ಪೆಯಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಇಳಿದು ಹೀಗಾಗುತ್ತದೆ. ತುಂಬ ಜನ ಇದನ್ನೇ ‘ರಿಚ್ ರೋಸ್ಟ್’ ಎಂದು ಹೊಗಳುತ್ತಾರೆ. ಹೊಗಳಬೇಡಿ.

ಹುಳಿಯಲ್ಲಿ ಎರಡು ಬಗೆ. ಕಪ್ಪು ಮಾಲ್ಟು ಸ್ವಭಾವತಃ ಆಮ್ಲೀಯ, ಆದ್ದರಿಂದ ಕಾಫಿಯಲ್ಲಿರುವಂಥ ಚೂರು ಹುಳಿ ಸಹಜ. ವಿನೆಗರಿನ ಬಟ್ಟಲು ನೆನಪಾಗುವಷ್ಟಿದ್ದರೆ, ಜೊತೆಗೆ ಬೀರು ತೆಳ್ಳಗಿದ್ದು ಗ್ಯಾಸು ಜಾಸ್ತಿ ಇದ್ದರೆ, ಸೋಂಕು ಖಚಿತ.

ಈ ನಾಲ್ಕು ಬಿಡಿಸಿದ ಮೇಲೆ ಉಳಿದದ್ದು ಸುಲಭ. ಮದ್ಯದ ಬಿಸಿ ಎದೆಯಲ್ಲಿ ಮೆಲ್ಲಗೆ ಹರಡಬೇಕು, ಗಂಟಲು ಸುಡಬಾರದು. ಸುಟ್ಟರೆ ಹುದುಗಿಸುವಾಗ ತಾಪ ಏರಿದೆ. ಬಾಯಲ್ಲಿ ಬೀರಿನ ಮೈ ದಪ್ಪಗಿದ್ದು ನುಣುಪಾಗಿರಬೇಕು. ಮೂರನೆಯ ಗುಟುಕಿಗೆ ತುಟಿ ಅಂಟಂಟಾದರೆ ಸಕ್ಕರೆ ಪೂರ್ತಿ ಹುದುಗಿಲ್ಲ. ವೆನಿಲಾ, ತೆಂಗು, ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಹಾಕಿದ ಸಿಹಿತಿಂಡಿ ಬಗೆಯ ಸ್ಟೌಟ್‌ಗಳಲ್ಲಿ ಮೊದಲು ಆ ರುಚಿಗಳ ಹಿಂದಿರುವ ಮೂಲ ಬೀರನ್ನು ಹುಡುಕಿ. ಎಸೆನ್ಸ್ ಬಿಟ್ಟರೆ ಬೇರೇನೂ ಸಿಗದಿದ್ದರೆ ಅಂಕವೂ ಸಿಗಬಾರದು. ಹಾಲಿನ ಸಕ್ಕರೆ ಹೊಟ್ಟೆಗೆ ಆಗದವರು ಲೇಬಲ್ ಓದಿಯೇ ಕುಡಿಯಿರಿ.

ಅಂಕ

ಬಿಜೆಸಿಪಿ ಎಂಬ ಅಮೆರಿಕದ ಬೀರ್ ತೀರ್ಪುಗಾರರ ಸಂಸ್ಥೆಯ 50 ಅಂಕಗಳ ಹಾಳೆ ಬಳಸಿ: ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಸಿಗುವ ಮೈಗೆ 5, ಒಟ್ಟಾರೆಗೆ 10. ಘಮ ಚೆನ್ನಾಗಿದ್ದು ಒಗರು ಉಳಿದ ಒಂದು ಸ್ಟೌಟ್‌ಗೆ 9, 3, 13, 2, 6 ಎಂದು ಕೊಟ್ಟರೆ 33 ಆಗುತ್ತದೆ. 30ರಿಂದ 37 ಎಂದರೆ ಸಣ್ಣಪುಟ್ಟ ಕೊರತೆಗಳ ಒಳ್ಳೆಯ ಬೀರು, ಆ ಅಂಕ ಅದಕ್ಕೆ ತಕ್ಕದ್ದು. ಮದ್ಯಾಂಶ ನೋಡಿ 45 ಕೊಡುವವರ ಹಾಳೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೂರುವ ಮೊದಲೇ ಲೇಬಲ್ ಮುಚ್ಚಿದ್ದರೆ ಈ ಸಮಸ್ಯೆ ಅರ್ಧ ಕಡಿಮೆ.

ಒಂದೇ ಕೂಟದಲ್ಲಿ ಮೂರಕ್ಕಿಂತ ಹೆಚ್ಚು ಗಟ್ಟಿ ಸ್ಟೌಟ್ ಬೇಡ, ಮೂರಿದ್ದರೆ ತಲೆಗೆ 60 ಮಿ.ಲೀ.ಗೆ ಇಳಿಸಿ, ಮದ್ಯಾಂಶ ಕಡಿಮೆಯಿದ್ದದ್ದು ಮೊದಲು. ಎಲ್ಲರೂ ಅಂಕ ಕೂಡಿಸಿ ಮುಗಿಸಿದ ಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಡಿ. ಇಬ್ಬರ ನಡುವೆ 7ಕ್ಕಿಂತ ಹೆಚ್ಚು ಅಂಕಗಳ ಅಂತರ ಬಂದರೆ ಸರಾಸರಿ ತೆಗೆಯಲು ಹೋಗಬೇಡಿ. ಗ್ಲಾಸಿನಲ್ಲಿ ಉಳಿಸಿಟ್ಟ ಕೊನೆಯ ಗುಟುಕನ್ನು ಇಬ್ಬರೂ ಮತ್ತೆ ಕುಡಿದು, ನಾಲಿಗೆ ಅಂಗುಳಕ್ಕೆ ಉಜ್ಜಿ, ಯಾವ ಸಾಲಿನಲ್ಲಿ ವ್ಯತ್ಯಾಸ ಬಂದಿದೆಯೋ ಆ ಸಾಲನ್ನು ಮಾತ್ರ ತಿದ್ದಿ.