ಎಂಕ್ಯಾಟ್‌ಗೆ ಮುಂಚೆ ನಾನು ಆರಿಸಿಕೊಂಡ ಕೋರ್ಸುಗಳು

ಪಿಯುಸಿ ಮುಗಿದ ಕೂಡಲೇ ನೀಟ್ ಬರೆದು ಎಂಬಿಬಿಎಸ್ ಸೇರುವ ದಾರಿ ಅಮೆರಿಕದಲ್ಲಿಲ್ಲ. ಇಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಡಿಗ್ರಿ, ಅದು ಮುಗಿಯುವ ಹೊತ್ತಿಗೋ ಮುಗಿದ ಮೇಲೋ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಆಮೇಲೆ ಮೆಡಿಕಲ್ ಸ್ಕೂಲು. ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಯಾವುದಾದರೂ ನಡೆಯುತ್ತದೆ. ನಾನು ಇತಿಹಾಸ ತೆಗೆದುಕೊಂಡೆ. ‘ಡಾಕ್ಟರ್ ಓದ್ತೀನಿ ಅಂದಿದ್ದಳಲ್ಲ?’ ಎಂದು ಮೈಸೂರಿನ ನೆಂಟರು ಅಮ್ಮನನ್ನು ಕೇಳಿದರಂತೆ.

ಮೇಜರ್ ಏನೇ ಇರಲಿ, ಬಹುಪಾಲು ಮೆಡಿಕಲ್ ಸ್ಕೂಲುಗಳು ಬಯಸುವುದು ಹೆಚ್ಚುಕಡಿಮೆ ಇಷ್ಟು: ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಒಂದೊಂದೂ ಒಂದು ವರ್ಷ, ಲ್ಯಾಬ್ ಸಮೇತ. ಈಚೆಗೆ ಬಯೋಕೆಮಿಸ್ಟ್ರಿಯನ್ನೂ ಹಲವರು ಕೇಳುತ್ತಾರೆ. ತಲೆನೋವಿದ್ದದ್ದು ಯಾವುದನ್ನು ಯಾವಾಗ ಮುಗಿಸುವುದು ಎನ್ನುವುದರಲ್ಲಿ. ನಾನು ಪರೀಕ್ಷೆಯ ತಿಂಗಳಿಂದ ಹಿಂದಕ್ಕೆ ಎಣಿಸುತ್ತಾ ಬಂದೆ.

2015ರಲ್ಲಿ ಬದಲಾದ ಎಂಕ್ಯಾಟ್‌ನಲ್ಲಿ ನಾಲ್ಕು ವಿಭಾಗ, ಒಟ್ಟು 230 ಪ್ರಶ್ನೆ. ವಿಜ್ಞಾನದ ಎರಡು ಮುಖ್ಯ ವಿಭಾಗಗಳಲ್ಲೂ ಸುಮಾರು ಕಾಲು ಭಾಗ ಬಯೋಕೆಮಿಸ್ಟ್ರಿಯದ್ದೇ. ವರ್ಷವಿಡೀ ಗೋಳಾಡಿಸುವ ಆರ್ಗ್ಯಾನಿಕ್‌ನ ಪಾಲು ಒಂದರಲ್ಲಿ ಶೇ. 15, ಇನ್ನೊಂದರಲ್ಲಿ ಬರೀ ಶೇ. 5. ಹಾಗಂತ ಅದನ್ನು ಬಿಡುವಂತಿಲ್ಲ, ಅದಿಲ್ಲದೆ ನಮ್ಮ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಆದ್ದರಿಂದ ಆರ್ಗ್ಯಾನಿಕ್ಕನ್ನು ಎರಡನೇ ವರ್ಷಕ್ಕೇ ಮುಗಿಸಿ, ಬಯೋಕೆಮಿಸ್ಟ್ರಿಯನ್ನು ಪರೀಕ್ಷೆಗೆ ಅಂಟಿಕೊಂಡ ಸೆಮಿಸ್ಟರಿಗೆ ಇಟ್ಟುಕೊಂಡೆ. ಗ್ಲೈಕಾಲಿಸಿಸ್, ಎಂಜೈಮ್ ಕೈನೆಟಿಕ್ಸ್, 20 ಅಮೈನೋ ಆಮ್ಲಗಳ ಒಂದಕ್ಷರದ ಸಂಕೇತ ಇವೆಲ್ಲ ಕ್ಲಾಸಿನ ಪರೀಕ್ಷೆಗೆ ಓದಿದ್ದೇ ಎಂಕ್ಯಾಟ್‌ಗೂ ಒದಗಿತು. ಬೇರೆ ಯಾವ ಕೋರ್ಸೂ ನನಗೆ ಇಷ್ಟು ನೇರವಾಗಿ ಕೈಗೆ ಬರಲಿಲ್ಲ.

ಫಿಸಿಕ್ಸ್‌ನಲ್ಲಿ ಕ್ಯಾಲ್ಕುಲಸ್ ಇಲ್ಲದ ಕೋರ್ಸೇ ಸಾಕಾಯಿತು. ಪರೀಕ್ಷೆಯಲ್ಲಿ ಕ್ಯಾಲ್ಕುಲಸ್ ಬೇಡ, ಕ್ಯಾಲ್ಕುಲೇಟರ್ ಕೊಡುವುದೂ ಇಲ್ಲ. ಲಾಗ್ ಟೇಬಲ್ ಹಿಡಿದು ಪಿಯುಸಿ ಪಾಸಾದವರಿಗೆ ಅಂದಾಜು ಲೆಕ್ಕ ಅಷ್ಟೇನೂ ಭಯ ಹುಟ್ಟಿಸುವುದಿಲ್ಲ ಬಿಡಿ.

ಸೈಕಾಲಜಿ, ಸೋಷಿಯಾಲಜಿಗೇ ಒಂದು ವಿಭಾಗ ಮೀಸಲು. ಅದರಲ್ಲಿ ಸುಮಾರು ಶೇ. 65 ಸೈಕಾಲಜಿ, ಶೇ. 30 ಸೋಷಿಯಾಲಜಿ. ನಾನು ಸೈಕಾಲಜಿಯನ್ನು ಕ್ಲಾಸಿನಲ್ಲಿ ಕಲಿತೆ, ಸೋಷಿಯಾಲಜಿಯ ಚಿಂತಕರಾದ ದುರ್ಖೈಮ್, ವೇಬರ್ ಅವರನ್ನು ಮನೆಯಲ್ಲೇ ಓದಿಕೊಂಡೆ. ಓದುವ ಸಾಮರ್ಥ್ಯ ಅಳೆಯುವ ವಿಭಾಗಕ್ಕೆ ಯಾವ ಕೋರ್ಸೂ ಬೇಕಿಲ್ಲ, ಉತ್ತರವೆಲ್ಲ ಕೊಟ್ಟ ಪಠ್ಯದಲ್ಲೇ ಇರುತ್ತದೆ. ಆದರೂ ಇತಿಹಾಸದ ಒಣ ಲೇಖನಗಳನ್ನು ವಾರವಾರವೂ ಅಗಿದ ಅಭ್ಯಾಸ ಅಲ್ಲಿ ಕೆಲಸಕ್ಕೆ ಬಂತು.

ಆರ್ಗ್ಯಾನಿಕ್ ಮತ್ತು ಫಿಸಿಕ್ಸ್ ಲ್ಯಾಬುಗಳನ್ನು ಒಂದೇ ಸೆಮಿಸ್ಟರಿನಲ್ಲಿ ತುರುಕಲಿಲ್ಲ. ಮೆಡಿಕಲ್ ಸ್ಕೂಲಿನ ಅರ್ಜಿಯಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತದ ಜಿಪಿಎಯನ್ನು (ಸರಾಸರಿ ಗ್ರೇಡನ್ನು) ಬೇರೆಯಾಗಿಯೇ ಲೆಕ್ಕ ಹಾಕುತ್ತಾರೆ. ಬೇಗ ಮುಗಿಸುವ ಹಟಕ್ಕೆ ಅದನ್ನು ಬಲಿ ಕೊಡುವುದು ನನಗೆ ಬೇಡವಾಗಿತ್ತು. ಗಣಿತದಲ್ಲಿ ಎರಡನೇ ಕ್ಯಾಲ್ಕುಲಸ್ ಬದಲು ಸ್ಟ್ಯಾಟಿಸ್ಟಿಕ್ಸ್ ಆರಿಸಿದೆ. ಎಂಕ್ಯಾಟ್ ಪ್ರಶ್ನೆಗಳಲ್ಲಿ ಬರುವ ಗ್ರಾಫು, ಪ್ರಯೋಗದ ಕೋಷ್ಟಕ ಓದಲು ಬೇಕಾದದ್ದು ಅದೇ.